ತೋಳ ಬಂತು ತೋಳ

‘ದಿ ಗ್ರೇ’ ಸಿನಿಮಾ ಅಮೆರಿಕದಲ್ಲಿ ಬಿಡುಗಡೆಯಾಗಿದ್ದು 2012ರ ಜನವರಿಯಲ್ಲಿ. ನಿರ್ದೇಶಕ ಜೋ ಕಾರ್ನಹಾನ್. ಟ್ರೇಲರ್‌ನಲ್ಲಿ ಲಿಯಾಮ್ ನೀಸನ್ ಒಡೆದ ಬಾಟಲಿಗಳನ್ನು ಕೈಗೆ ಟೇಪ್ ಸುತ್ತಿ ಕಟ್ಟಿಕೊಂಡು ತೋಳದ ಎದುರು ನಿಂತಿದ್ದ. ‘ಟೇಕನ್’ ನೋಡಿದ್ದವರೆಲ್ಲ, ಈ ಸಲ ತೋಳಗಳಿಗೆ ಗೂಸಾ ಗ್ಯಾರಂಟಿ ಅಂದುಕೊಂಡರು. ಆದರೆ ಆ ಕಾಳಗ ಶುರುವಾಗುವ ಹೊತ್ತಿಗೆ ಸಿನಿಮಾನೇ ಮುಗಿದುಹೋಗುತ್ತೆ! ಮೋಸ ಹೋದೆವು ಅಂತ ಬೈದವರಿಗೆ ಲೆಕ್ಕವಿಲ್ಲ.

ಕತೆ ಇಷ್ಟೇ. ಅಲಾಸ್ಕಾದ ಎಣ್ಣೆಬಾವಿಯ ಕೆಲಸಗಾರರು ಊರಿಗೆ ಹೊರಟ ವಿಮಾನ ಹಿಮದಲ್ಲಿ ಬೀಳುತ್ತೆ. ಉಳಿದ ಬೆರಳೆಣಿಕೆಯ ಜನರನ್ನು ತೋಳಗಳು ಒಬ್ಬೊಬ್ಬರಾಗಿ ಮುಗಿಸುತ್ತವೆ. ಅವರಲ್ಲಿ ಒಬ್ಬ ಆಟ್ವೇ (ನೀಸನ್). ಕೆಲಸಗಾರರ ಹತ್ತಿರ ಬರುವ ತೋಳಗಳಿಗೆ ಗುಂಡು ಹಾಕೋದೇ ಅವನ ನೌಕರಿ.

ವಿಮರ್ಶಕ ರೋಜರ್ ಈಬರ್ಟ್ ಇದಕ್ಕೆ ಮೂರೂವರೆ ಸ್ಟಾರ್ ಕೊಟ್ಟರು. ಅದೇ ದಿನ ಇನ್ನೊಂದು ಸಿನಿಮಾ ನೋಡಬೇಕಿತ್ತಂತೆ. ಕೂತರು, ಆಗಲಿಲ್ಲ, ಮಧ್ಯದಲ್ಲೇ ಎದ್ದು ಹೋದರು. ಹಿಂದಿನ ಸಿನಿಮಾದ ಗುಂಗಿನಿಂದ ಹೀಗೆ ಎದ್ದು ಹೋಗಿದ್ದು ಇದೇ ಮೊದಲು ಅಂತ ಅವರೇ ಬರೆದುಕೊಂಡಿದ್ದಾರೆ.

ಇನ್ನೊಂದು ಕಡೆ ವನ್ಯಜೀವಿ ಸಂಘಟನೆಗಳು ಬಹಿಷ್ಕಾರಕ್ಕೆ ಕರೆಕೊಟ್ಟವು. ಅವರ ಸಿಟ್ಟು ಸುಮ್ಮನೆ ಬಂದಿದ್ದಲ್ಲ. ಹಿಂದಿನ ವರ್ಷ, 2011ರಲ್ಲಿ, ಅಮೆರಿಕದ ಉತ್ತರ ರಾಕಿ ಪರ್ವತಗಳ ಬೂದು ತೋಳವನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಿಂದ ತೆಗೆದು, ಬೇಟೆಗೆ ದಾರಿ ಮಾಡಲಾಗಿತ್ತು. ತೋಳ ಮನುಷ್ಯನನ್ನು ಕೊಲ್ಲೋದು ತೀರಾ ಅಪರೂಪ, ಸಾಮಾನ್ಯವಾಗಿ ನಮ್ಮನ್ನು ಕಂಡರೆ ದೂರ ಹೋಗುವ ಪ್ರಾಣಿ ಅದು. ಸಾಲದ್ದಕ್ಕೆ, ಚಿತ್ರತಂಡ ಸತ್ತ ತೋಳಗಳನ್ನು ಕೊಂಡು ತಂದು, ನಟರು ಮಾಂಸದ ರುಚಿಯನ್ನೂ ನೋಡಿದರು ಅನ್ನೋ ಸುದ್ದಿ ಬೇರೆ.

ಮೆಚ್ಚಿದವರ ಉತ್ತರ: ಇಲ್ಲಿ ತೋಳ ಅಂದರೆ ತೋಳ ಅಲ್ಲ, ಸಾವಿನ ರೂಪಕ. ಇರಬಹುದು. ಆದರೆ ಗುಂಡು ಬೀಳೋದು ರೂಪಕಕ್ಕಲ್ಲ, ಕಾಡಿನ ತೋಳಕ್ಕೇ ಅಲ್ವಾ? ನನ್ನ ಮಟ್ಟಿಗೆ ಈ ವಾದದಲ್ಲಿ ಗೆದ್ದವರು ಬೈದವರೇ.

ಹಾಗಿದ್ದೂ ಈ ಸಿನಿಮಾವನ್ನು ನಾನು ಬಿಟ್ಟುಕೊಡಲಾರೆ. ಯಾಕಂದ್ರೆ ಇದರ ಒಳ್ಳೆಯ ದೃಶ್ಯಗಳಿಗೆ ತೋಳವೇ ಬೇಕಿಲ್ಲ. ನದಿಯಲ್ಲಿ ಒಬ್ಬನ ಕಾಲು ಬಂಡೆಗೆ ಸಿಕ್ಕಿಕೊಳ್ಳುತ್ತೆ. ಉಸಿರಾಡುವ ಗಾಳಿ ಗೇಣು ದೂರದಲ್ಲಿದೆ, ಆದರೂ ಮುಳುಗಿ ಸಾಯುತ್ತಾನೆ. ಇನ್ನೊಬ್ಬ ಉದ್ದಕ್ಕೂ ಜಗಳ ತೆಗೆದವನು. ಸಾಕಾಯ್ತು, ನಾನಿನ್ನು ಬರಲ್ಲ ಅಂತ ಬೆಟ್ಟ ನೋಡುತ್ತಾ ಹೊಳೆದಂಡೆಯಲ್ಲಿ ಕೂತುಬಿಡುತ್ತಾನೆ.

ಎಲ್ಲಕ್ಕಿಂತ ಹೆಚ್ಚಾಗಿ, ವಿಮಾನ ಬಿದ್ದ ಕೂಡಲೇ ಬರುವ ದೃಶ್ಯ. ಒಬ್ಬನ ಹೊಟ್ಟೆಯಿಂದ ರಕ್ತ ನಿಲ್ಲುತ್ತಿಲ್ಲ. ನನಗೆ ಏನಾಗ್ತಿದೆ ಅಂತ ಗಾಬರಿಯಲ್ಲಿ ಕೇಳುತ್ತಾನೆ. ಏನಾಗಲ್ಲ ಬಿಡು ಅಂತ ಆಟ್ವೇ ಹೇಳೋದಿಲ್ಲ. ನೀನು ಸಾಯ್ತಾ ಇದೀಯ ಅಂತ ಮೆತ್ತಗೆ ಹೇಳುತ್ತಾನೆ. ನಿನಗೆ ತುಂಬಾ ಇಷ್ಟದವರು ಯಾರು, ಅವರನ್ನು ನೆನೆಸಿಕೋ ಅನ್ನುತ್ತಾನೆ. ಅವನ ಗಾಬರಿ ಇಳಿಯುತ್ತೆ.

ನಮ್ಮಪ್ಪ ಆಸ್ಪತ್ರೆಯಲ್ಲಿದ್ದ ಕೊನೆಯ ವಾರ ನಾವೆಲ್ಲ ಒಂದೇ ಮಾತು ಹೇಳ್ತಾ ಇದ್ವಿ, “ನಾಡಿದ್ದು ಮನೆಗೆ ಹೋಗೋಣಪ್ಪ.” ಒಂದು ರಾತ್ರಿ ಅಪ್ಪ ನನ್ನ ಮುಖ ನೋಡಿ “ಹೌದೇನೋ?” ಅಂದರು. ನಾನು ಹೂಂ ಅಂದು ಡ್ರಿಪ್ ಬಾಟಲಿ ಕಡೆ ನೋಡಿದೆ. ಅವರಿಗೆ ಹೇಳೋದು ಏನೇನಿತ್ತೋ, ಆಮೇಲೆ ಕೇಳಲೇ ಇಲ್ಲ.

ಹಾಗಾಗಿ ನನ್ನ ಶಿಫಾರಸು ಇಷ್ಟು. ತೋಳದ ಬಗ್ಗೆ ತಿಳಿಯಬೇಕಾದರೆ ಈ ಸಿನಿಮಾದ ಹತ್ತಿರವೂ ಸುಳಿಯಬೇಡಿ, ಪುಕ್ಕಟೆ ಭಯ ಹತ್ತಿಸಿಕೊಂಡು ಬರ್ತೀರಿ. ಮನೆಯಲ್ಲಿ ವಯಸ್ಸಾದವರಿದ್ದರೆ ಮಾತ್ರ ಒಮ್ಮೆ ನೋಡಿ. ಎಂದಾದರೂ ಅವರು “ಹೌದೇನೋ?” ಅಂತ ಕೇಳಿದಾಗ, ಬಾಟಲಿ ಕಡೆ ನೋಡದೆ ಇರೋಕೆ ಉಪಯೋಗಕ್ಕೆ ಬಂದೀತು.