ಆಲ್ಕೊಸೊ: ಒಂದು ಮುದ್ರೆಯ ಓದು

ಜರ್ಮನಿಯ ಸೋಲಿಂಗನ್ ನಗರದ ಆಯುಧಗಳನ್ನು ಸಂಗ್ರಹಿಸುವವರಿಗೆ ಅಲಗಿನ ಮೇಲಣ 'ಆಲ್ಕೊಸೊ' ಎಂಬ ಮುದ್ರೆಯು ಕಾಲನಿರ್ಣಯದ ಒಂದು ಸಾಧನ. ಅದನ್ನು ಲೇಖವೆಂದು ಓದುವ ಶ್ರಮವನ್ನು ವಹಿಸುವವರು ವಿರಳ. ಓದಿದರೆ, ಅದು ಅಲೆಕ್ಸಾಂಡರ್, ಕೊಪ್ಪೆಲ್, ಸೋಲಿಂಗನ್ ಎಂಬ ಮೂರು ಹೆಸರುಗಳ ಮೊದಲ ತುಂಡುಗಳು ಕೂಡಿ ಆದ ಪದ. ಸಂಸ್ಥೆಯ ಇನ್ನೊಂದು ಗುರುತು ತಕ್ಕಡಿ.

ಅಲೆಕ್ಸಾಂಡರ್ ಕೊಪ್ಪೆಲ್ ಎಂಬ ಯೆಹೂದ್ಯ ವರ್ತಕನು ಈ ಸಂಸ್ಥೆಯನ್ನು ಸ್ಥಾಪಿಸಿದುದು ೧೮೨೧ರಲ್ಲಿ. ಮನೆಬಳಕೆಯ ಚೂರಿ ಕತ್ತರಿಗಳೂ ಸೈನ್ಯದ ಖಡ್ಗ ಸನೀನುಗಳೂ ಇದರ ಹೆಸರಿನಲ್ಲಿ ಹೊರಬಂದುವು. ಸ್ಥಾಪಕನ ಮಗ ಗುಸ್ತಾವ್ ಕೊಪ್ಪೆಲನನ್ನು ನಗರವು ತನ್ನ ಗೌರವ ಪೌರನನ್ನಾಗಿ ಮಾಡಿಕೊಂಡಿತು.

ಸೋಲಿಂಗನ್ನಿನಲ್ಲಿ ಮುದ್ರೆ ಹಾಕಿದವನೇ ಅಲಗನ್ನು ಮಾಡಿದವನೆಂದು ಭಾವಿಸಲಾಗದು. ಹದಕೊಡುವವರಿಗೂ ಸಾಣೆಯವರಿಗೂ ೧೪೦೧ರಲ್ಲಿ, ಕತ್ತಿಯ ಕಮ್ಮಾರರಿಗೆ ೧೪೭೨ರಲ್ಲಿ ಬೇರೆಬೇರೆ ಸನದುಗಳು ದೊರೆತಿದ್ದುವು. ಆ ಶ್ರೇಣಿಗಳು ೧೮೦೯ರಲ್ಲಿ ರದ್ದಾದ ಬಳಿಕವೂ ಸಾಣೆಯ ಕೆಲಸ ಬಹುಮಟ್ಟಿಗೆ ಸ್ವತಂತ್ರ ಕುಶಲಿಗಳ ಕೈಯಲ್ಲಿಯೇ ಉಳಿಯಿತು. ವುಪ್ಪರ್ ನದಿಯ ನೀರುಗಾಲಿಗಳ ಬಳಿ ಕುಳಿತು ಮಸೆದವರ ಹೆಸರು ಅಲಗಿನ ಮೇಲೆ ಬರಲಿಲ್ಲ. ವಚನದ ಅಂಕಿತದಿಂದ ಕರ್ತೃವನ್ನು ಹಿಡಿಯುವ ವಿದ್ವಾಂಸನು ಇಲ್ಲಿ ಎಡವುವನು. ಈ ಅಂಕಿತವು ಸರಕಿಗೆ ಹೊಣೆಯಾಗಿ ನಿಂತವನದು.

ಹಾಗಿದ್ದಮೇಲೆ ಹೊಣೆಗಾರನನ್ನು ಕಳೆದು ಅಂಕಿತವನ್ನು ಮಾತ್ರ ಉಳಿಸಿಕೊಂಡುದು ಸಾಮಾನ್ಯ ಸಂಗತಿಯಲ್ಲ. ನಾಜಿ ಆಳ್ವಿಕೆಯಲ್ಲಿ, ೧೯೩೬ರಲ್ಲಿ, ಸಂಸ್ಥೆಯು ಕುಟುಂಬದ ಕೈತಪ್ಪಿತು. ಆಲ್ಕೊಸೊ ಎಂಬ ಹೆಸರಾದರೋ ಬಳಕೆಯಲ್ಲಿಯೇ ನಿಂತಿತು. ೧೯೩೭ರಲ್ಲಿ ಜರ್ಮನ್ ವಾಯುಸೇನೆಯ ಅಧಿಕಾರಿಗಳಿಗೆ ವಿಧಿಸಲಾದ ಹೊಸ ಮಾದರಿಯ ಕಿರುಗತ್ತಿಗಳ ಮೇಲೆಯೂ ಆ ಯೆಹೂದ್ಯ ಮನೆತನದ ಅಕ್ಷರಗಳನ್ನು ಕಾಣಬಹುದು. ೧೯೩೮ರಲ್ಲಿ ಆ ಸರಕಾರವೇ, ಸೋಲಿಂಗನ್ನಿನಲ್ಲಿ ತಯಾರಾಗದ ಸರಕಿಗೆ ಆ ಊರ ಹೆಸರನ್ನು ಇಡಕೂಡದೆಂದು ಶಾಸನ ಮಾಡಿತು. ಮುದ್ರೆಯ ಮೂರನೆಯ ತುಂಡಿಗೆ ಹೀಗೆ ಕಾಯಿದೆಯ ರಕ್ಷೆ ದೊರೆಯಿತು. ಮೊದಲೆರಡು ತುಂಡುಗಳನ್ನು ತನ್ನ ಹೆಸರಾಗಿ ಉಳ್ಳವನು, ಸ್ಥಾಪಕನ ಮೊಮ್ಮಗನಾದ ಡಾಕ್ಟರ್ ಅಲೆಕ್ಸಾಂಡರ್ ಕೊಪ್ಪೆಲ್, ೧೯೪೨ರಲ್ಲಿ ಥೆರೇಸಿಯೆನ್‌ಷ್ಟಾಟ್ ಶಿಬಿರಕ್ಕೆ ಸಾಗಿಸಲ್ಪಟ್ಟು ಅದೇ ವರ್ಷ ಅಲ್ಲಿಯೇ ಮೃತನಾದನು.

'ಒಡೆತನ ಬದಲಾಯಿತು' ಎಂಬ ವಾಕ್ಯವು ಇದನ್ನು ವಿವರಿಸುವುದಿಲ್ಲ, ಮರೆಸುತ್ತದೆ. ಅದೇ ಅಕ್ಷರಗಳು ೧೯೩೬ಕ್ಕೆ ಹಿಂದೆ ಒಂದು ಸಹಿ. ಅನಂತರ ವಶಪಡಿಸಿಕೊಂಡ ಸೊತ್ತು. ವಸ್ತುಸಂಗ್ರಹದ ಸೂಚಿಗಳಲ್ಲಿ ಇವೆರಡಕ್ಕೂ ಒಂದೇ ನಮೂದು ಇರತಕ್ಕುದಲ್ಲ.