ಶರ್ಯತ್ತಿನ ಹ್ಯಾಂಡ್‌ಬಿಲ್: ಸಾಲು ಸಾಲಿಗೂ ಒಂದು ವ್ಯಾಖ್ಯಾನ

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ಯಮಕನಮರಡಿ, ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆ ಗಾಡಿ ಶರ್ಯತ್ತಿನ ಹ್ಯಾಂಡ್‌ಬಿಲ್‌ಗಳು ಕಾಣಿಸಿಕೊಳ್ಳುತ್ತವೆ. ಈಗ ಮೊಬೈಲಿನಲ್ಲೂ ಕೈಯಿಂದ ಕೈಗೆ ಹೋಗುತ್ತವೆ. ಅಂಥವುಗಳಲ್ಲಿ ಸಾಮಾನ್ಯವಾಗಿ ಬರುವ ಸಾಲುಗಳನ್ನು, ಯಾವುದೇ ಒಂದು ಊರಿನದಾಗದಂತೆ, ಜೋಡಿಸಿಕೊಂಡು ಇಲ್ಲಿ ಅರ್ಥ ಹೇಳುತ್ತಿದ್ದೇನೆ. ಹ್ಯಾಂಡ್‌ಬಿಲ್ ಕೈಗೆ ಬಂದರೆ ಕಣ್ಣು ಮೊದಲು ಹೋಗುವುದು ಬಹುಮಾನದ ಸಾಲಿಗೆ. ಎತ್ತಿನ ಅಳಿವು ಉಳಿವು ಇರುವುದು ಉಳಿದ ಸಾಲುಗಳಲ್ಲಿ.

‘ಜಾತ್ರೆಯ ನಿಮಿತ್ತ ಭವ್ಯ ಜೋಡೆತ್ತಿನ ಗಾಡಿ ಶರ್ಯತ್ತು.’

ಈ ಸಾಲನ್ನು ರಾಜಾರೋಷವಾಗಿ ಅಚ್ಚು ಹಾಕಿಸುವ ಹಕ್ಕು ಸುಮ್ಮನೆ ಬಂದದ್ದಲ್ಲ. 2011ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯವು ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಹೋರಿಯನ್ನೂ ಸೇರಿಸಿತು. 2014ರ ಮೇ 7ರಂದು ಸುಪ್ರೀಂ ಕೋರ್ಟ್, ಎ. ನಾಗರಾಜ ಪ್ರಕರಣದಲ್ಲಿ, ಜಲ್ಲಿಕಟ್ಟಿನ ಜೊತೆಗೆ ಗಾಡಿ ಓಟವನ್ನೂ ನಿಲ್ಲಿಸಿತು. ಕುದುರೆಯ ಹಾಗೆ ಓಡುವ ಮೈಕಟ್ಟು ಎತ್ತಿನದಲ್ಲ ಎಂಬುದು ಆ ತೀರ್ಪಿನ ಒಂದು ಮುಖ್ಯ ಮಾತು. ಆಮೇಲೆ 2017ರಲ್ಲಿ ಕರ್ನಾಟಕವು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು. ಕಂಬಳಕ್ಕಾಗಿ ಕರಾವಳಿಯವರು ಮಾಡಿದ ಹೋರಾಟ ನಾಡಿಗೆಲ್ಲ ಗೊತ್ತು. ಅದೇ ತಿದ್ದುಪಡಿಯಲ್ಲಿ ನಮ್ಮ ಎತ್ತಿನ ಗಾಡಿಯ ಓಟವೂ ಸೇರಿದೆ. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಇದನ್ನು ಎತ್ತಿಹಿಡಿಯಿತು. ಎತ್ತಿಗೆ ಅನಗತ್ಯ ನೋವು ಕೊಡುವುದಿಲ್ಲ ಎಂಬ ಕರಾರಿನ ಮೇಲೆ ಸಿಕ್ಕ ಪರವಾನಗಿ ಇದು. ಕಮಿಟಿಯವರು ಆ ಕರಾರನ್ನು ಈ ಸಾಲಿನ ಕೆಳಗೇ ದೊಡ್ಡಕ್ಷರದಲ್ಲಿ ಹಾಕಬೇಕು ಎಂಬುದು ನನ್ನ ಒತ್ತಾಯ.

‘ಜನರಲ್ ಗಾಡಿ, ನಾಲ್ಕು ಹಲ್ಲಿನ ಗಾಡಿ, ಎರಡು ಹಲ್ಲಿನ ಗಾಡಿ: ಬೇರೆ ಬೇರೆ ಓಟ.’

ಎತ್ತಿನ ವಯಸ್ಸಿಗೆ ದಾಖಲೆ ಅದರ ಬಾಯಿ. ಸುಮಾರು ಎರಡು ವರ್ಷಕ್ಕೆ ಹಾಲುಹಲ್ಲು ಬಿದ್ದು ಮುಂದಿನ ಎರಡು ಕಾಯಂ ಹಲ್ಲು ಬರುತ್ತವೆ. ಮೂರರ ಸುಮಾರಿಗೆ ನಾಲ್ಕಾಗುತ್ತವೆ. ನಾಲ್ಕು ದಾಟಿದ ಮೇಲೆ ಎಂಟೂ ತುಂಬಿ ಬಾಯಿಗೂಡುತ್ತದೆ. ಎಲುಬು ಬಲಿಯದ ಕರುವನ್ನು ಬಾಯಿಗೂಡಿದ ಜೋಡಿಯ ಎದುರಿಗೆ ಓಡಿಸಬಾರದೆಂದು ಈ ವಿಂಗಡಣೆ. ತುಟಿ ಎತ್ತಿ ನೋಡಲು ಹಿರಿಯರನ್ನೇ ನಿಲ್ಲಿಸಬೇಕು, ಅವರ ಮಾತಿಗೆ ಎದುರಾಡಬಾರದು.

ಓಟದಲ್ಲಿ ಹೆಚ್ಚಾಗಿ ಕಾಣುವುದು ಖಿಲಾರಿ. ಬಿಳಿ ಮೈ, ಬಿಗಿ ಚರ್ಮ, ಹಿಂದಕ್ಕೆ ಬಾಗಿ ಮೇಲೇಳುವ ಉದ್ದ ಕೋಡು, ಬಿರುಸಿನ ಹೆಜ್ಜೆ. ಎರೆ ಹೊಲದಲ್ಲಿ ಭಾರ ಎಳೆಯಲು ಬೆಳೆಸಿದ ಕೃಷ್ಣಾ ತೀರದ ದಪ್ಪ ತಳಿಗೆ ಈ ಚುರುಕಿಲ್ಲ. ಹಿಂದೆ ಬಿತ್ತುವ, ಹರಗುವ, ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಗೆ ಕಬ್ಬು ಹೇರುವ ಜೋಡಿಯೇ ಜಾತ್ರೆಯ ದಿನ ಶರ್ಯತ್ತಿಗೂ ಇಳಿಯುತ್ತಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ಓಟಕ್ಕೆಂದೇ ಸಾಕಿದ ಜೋಡಿಗಳು ಬಂದವು, ಗಾಡಿಯೂ ಹಗುರಾಯಿತು. ಅಮೆರಿಕದ ಸ್ಟಾಕ್ ಕಾರ್ ರೇಸಿನಲ್ಲೂ ಇದೇ ನಡೆಯಿತು. 1948ರಲ್ಲಿ ಬಿಲ್ ಫ್ರಾನ್ಸ್ ಆ ಓಟ ನಡೆಸುವ ನಾಸ್ಕಾರ್ ಸಂಸ್ಥೆಯನ್ನು ಕಟ್ಟಿದ ಹೊಸದರಲ್ಲಿ ಜನ ಅಂಗಡಿಯಲ್ಲಿ ಕೊಳ್ಳುವ ಕಾರುಗಳೇ ಓಡಬೇಕಿತ್ತು. ಇಂದಿನ ಕಾರಿಗೆ ಹೊರನೋಟದಲ್ಲಷ್ಟೇ ಮನೆ ಕಾರಿನ ಹೋಲಿಕೆ, ಒಳಗೆಲ್ಲ ಓಟಕ್ಕೇ ಮಾಡಿದ್ದು. ಕಾರಿನಲ್ಲಿ ಈ ಬದಲಾವಣೆಯಿಂದ ಯಾರಿಗೂ ನೋವಿಲ್ಲ. ಹೊಲದ ಕೆಲಸವಿಲ್ಲದ ಎತ್ತು ಸೋತರೆ, ಕುಂಟಿದರೆ ಅದನ್ನು ಇಟ್ಟುಕೊಳ್ಳಲು ಮನೆಯವರಿಗೆ ಬೇರೆ ಕಾರಣ ಉಳಿಯುವುದಿಲ್ಲ. ಈ ಸಾಲಿನಲ್ಲಿ ನನ್ನನ್ನು ಹೆಚ್ಚು ಕಾಡುವುದು ಅದೇ.

‘ನಿಶಾನೆಗೆ ಹೋಗಿ ಹೊರಳಿ ಬರಬೇಕು.’

ಗೆಲುವು ಸೋಲು ಹೆಚ್ಚಾಗಿ ಹೊರಳುವಲ್ಲೇ ತೀರ್ಮಾನ. ಎಡಕ್ಕೆ ಹೊರಳುವಾಗ ಎಡಗಡೆಯ ಎತ್ತು ಹೆಚ್ಚುಕಡಿಮೆ ನಿಂತಲ್ಲೇ ಕಾಲು ತುಳಿಯಬೇಕು, ಬಲಗಡೆಯದು ದೊಡ್ಡ ಸುತ್ತು ಹಾಕಬೇಕು, ನೊಗ ಮಾತ್ರ ಎರಡರ ಹೆಗಲ ಮೇಲೂ ಕದಲದೆ ಕೂತಿರಬೇಕು. ಅಮೆರಿಕದ ಕಾರ್ ಓಟದ ಅಂಡಾಕಾರದ ಪಥದಲ್ಲೂ ತಿರುವುಗಳೆಲ್ಲ ಎಡಕ್ಕೇ. ಭಾರವೆಲ್ಲ ಬಲಗಡೆಯ ಟೈರುಗಳ ಮೇಲೆ ಬೀಳುವುದರಿಂದ ಅವನ್ನು ಹೆಚ್ಚು ಗಟ್ಟಿ ರಬ್ಬರಿನಿಂದ ಮಾಡುತ್ತಾರೆ. ಡೇಟೋನಾ ಎಂಬ ಪಥದಲ್ಲಿ ತಿರುವಿನ ನೆಲವನ್ನೇ 31 ಡಿಗ್ರಿ ಓರೆಯಾಗಿ ಎತ್ತರಿಸಿದ್ದಾರೆ. ನಮ್ಮ ಬಲಗಡೆಯ ಎತ್ತಿಗೆ ಇರುವುದು ಅದೇ ಗೊರಸು, ಅದೇ ಲಾಳ. ಆದ್ದರಿಂದ ಹೊರಳುವ ಜಾಗದಲ್ಲಿ ಮೆತ್ತನೆಯ ಮಣ್ಣು ಹಾಕಿ ಅಗಲ ಬಿಡಬೇಕು. ಡಾಂಬರು ರಸ್ತೆಯ ಮೇಲೆ ಹೊರಳಿಸುವುದಂತೂ ಬೇಡವೇ ಬೇಡ. ಲಾಳ ಜಾರಿ ಮಂಡಿ ಊರಿದ ಎತ್ತು ಮತ್ತೆ ಮೊದಲಿನಂತಾಗುವುದು ಕಷ್ಟ.

ದೂರದ ವಿಚಾರ. ಅಮೆರಿಕದ ಷಾರ್ಲಟ್‌ನಲ್ಲಿ 1960ರಿಂದ ನಡೆಯುವ ಕಾರ್ ಓಟ 600 ಮೈಲಿಯದು, ಒಂದೂವರೆ ಮೈಲಿಯ ಪಥಕ್ಕೆ 400 ಸುತ್ತು. ಕಿಲೋಮೀಟರಿನಲ್ಲಿ ಸುಮಾರು 965. ಯಮಕನಮರಡಿಯ ಬದಿಯ 48ನೇ ಹೆದ್ದಾರಿ ಹಿಡಿದು ಬೆಂಗಳೂರಿಗೆ ಹೋಗಿ, ಅರ್ಧ ದಾರಿಗಿಂತ ಹೆಚ್ಚು ಮರಳಿ ಬಂದಷ್ಟು. ನಡುನಡುವೆ ನಿಂತು ಟೈರು ಬದಲಿಸಿ ಎಣ್ಣೆ ತುಂಬಿಕೊಳ್ಳುವುದರಿಂದ ಕಾರಿಗೆ ಅದು ಸಾಧ್ಯ. ಎತ್ತು ಕುದುರೆಯಷ್ಟು ಬೆವರುವುದಿಲ್ಲ. ಮೈಯ ಕಾವು ಏರಿದರೆ ಏದುಸಿರಿನಿಂದಲೂ ಇಳಿಸಿಕೊಳ್ಳಬೇಕು. ನಾಲಿಗೆ ಹೊರಬಿದ್ದು ಜೊಲ್ಲು ಸುರಿಯುತ್ತಿದ್ದರೆ ಅದರ ಮಿತಿ ಆಗಲೇ ದಾಟಿದೆ. ದೂರ ಗೊತ್ತುಮಾಡುವವರು ಬೇಸಿಗೆಯ ಮಧ್ಯಾಹ್ನವನ್ನು ಬಿಟ್ಟು, ಬೆಳಗಿನ ತಂಪಿನಲ್ಲಿ ಈ ಉಸಿರನ್ನು ನೋಡಿ ಗೊತ್ತುಮಾಡಲಿ.

‘ಬಾರಕೋಲು, ಮೊಳೆ, ಕರೆಂಟ್ ಬಳಸಿದರೆ ಗಾಡಿ ರದ್ದು.’

ಹ್ಯಾಂಡ್‌ಬಿಲ್ಲಿನ ಅತಿ ಮುಖ್ಯ ಸಾಲು ಇದು, ಆದರೂ ಬಹಳ ಸಲ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತದೆ. ಬಾಲ ತಿರುಚುವುದನ್ನೂ, ಹಿಂದಿನಿಂದ ಬೈಕು ಬಿಟ್ಟು ಹಾರ್ನು ಹೊಡೆಯುವುದನ್ನೂ ಇದಕ್ಕೆ ಸೇರಿಸಬೇಕು. ಬೆದರಿ ಓಡುವ ಎತ್ತು ದಾರಿ ನೋಡುವುದಿಲ್ಲ, ಜನ ನಿಂತ ಕಡೆಗೇ ನುಗ್ಗುತ್ತದೆ. ಒಳ್ಳೆಯ ಗಾಡಿ ಹೊಡೆಯುವವನಿಗೆ ಹಗ್ಗ ಮತ್ತು ದನಿ ಸಾಕು.

‘ಪ್ರವೇಶ ಫೀ, ಬಹುಮಾನ ಕೆಳಗಿನಂತಿವೆ.’ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ.

‘ಪಂಚರ ನಿರ್ಣಯವೇ ಅಂತಿಮ.’

ಪಂಚರು ಅವಸರ ಮಾಡಬಾರದು. 1959ರ ಫೆಬ್ರವರಿ 22ರಂದು ಮೊದಲ ಡೇಟೋನಾ 500 ಕಾರ್ ಓಟ ನಡೆದಾಗ ಲೀ ಪೆಟ್ಟಿ, ಜಾನಿ ಬೋಶಾಂಪ್ ಇಬ್ಬರ ಕಾರುಗಳೂ ಗೆರೆಯನ್ನು ಹತ್ತಿರಹತ್ತಿರ ಒಟ್ಟಿಗೇ ದಾಟಿದವು. ಮೊದಲು ಬೋಶಾಂಪ್ ಗೆದ್ದನೆಂದರು. ಫೋಟೋಗಳನ್ನು, ಚಿತ್ರೀಕರಣವನ್ನು ತರಿಸಿ ನೋಡಿ, ಮೂರು ದಿನದ ಮೇಲೆ ಪೆಟ್ಟಿ ಗೆದ್ದನೆಂದು ತಿದ್ದಿದರು. ಇಂದು ಪ್ರತಿಯೊಬ್ಬರ ಕೈಯಲ್ಲೂ ಕ್ಯಾಮೆರಾ ಇದೆ. ನಿಶಾನೆಯ ಬಳಿ ಒಂದು, ಗೆರೆಯ ಬಳಿ ಒಂದು ಇಟ್ಟರೆ ಜಗಳ ಅಲ್ಲಿಗೇ ತೀರುತ್ತದೆ, ಬಾರಕೋಲು ಎತ್ತಿದ ಕೈಯೂ ಸಿಕ್ಕಿಬೀಳುತ್ತದೆ.

‘ಪೆಟ್ಟಾದರೆ ಕಮಿಟಿ ಜವಾಬ್ದಾರಿ ಅಲ್ಲ.’

ಈ ಸಾಲನ್ನು ನಾನು ಒಪ್ಪುವುದಿಲ್ಲ. 2001ರ ಫೆಬ್ರವರಿ 18ರಂದು ಡೇಟೋನಾದ ಕೊನೆಯ ಸುತ್ತಿನಲ್ಲಿ ಕಾರ್ ಓಟಗಾರ ಡೇಲ್ ಅರ್ನ್‌ಹಾರ್ಟ್ ತೀರಿಕೊಂಡ. ಆ ವರ್ಷವೇ ನಾಸ್ಕಾರ್ ತಲೆ ಕುತ್ತಿಗೆ ಕಾಯುವ ಪಟ್ಟಿಯನ್ನು ಕಡ್ಡಾಯ ಮಾಡಿತು, ಮುಂದೆ ಪೆಟ್ಟು ಹೀರುವ ಗೋಡೆಗಳು ಬಂದವು. ಓಟ ನಡೆಸುವವರು ಹೊಣೆ ಹೊತ್ತದ್ದರಿಂದ ಇದೆಲ್ಲ ಆಯಿತು. ಇಲ್ಲಿ ಅಷ್ಟು ಖರ್ಚೂ ಇಲ್ಲ. ಎರಡೂ ಬದಿಗೆ ಗಟ್ಟಿ ಬೇಲಿ, ಓಡುವ ದಾರಿಯಲ್ಲಿ ಒಬ್ಬರೂ ನಿಲ್ಲದಂತೆ ಕಾವಲು, ನೆರಳು, ನೀರಿನ ತೊಟ್ಟಿ. ಪಶುವೈದ್ಯರು ನೊಗ ಹೂಡುವ ಮೊದಲು ಗೊರಸು, ಹೆಗಲು, ಉಸಿರು ನೋಡಬೇಕು. ನೊಗ ಇಳಿಸಿದ ಮೇಲೆ, ಗೆದ್ದ ಜೋಡಿಯನ್ನೂ ಸೋತ ಜೋಡಿಯನ್ನೂ, ಮತ್ತೆ ನೋಡಬೇಕು. ಸುಸ್ತಾದ ಎತ್ತನ್ನು ಅದೇ ದಿನ ಇನ್ನೊಂದು ಓಟಕ್ಕೆ ಹೂಡದಂತೆ ತಡೆಯುವ ಅಧಿಕಾರವನ್ನು ಕಮಿಟಿ ಅವರಿಗೇ ಬರೆದು ಕೊಡಬೇಕು.