ಆನಾ ಲಿಯೊನೋವೆನ್ಸಳ ವಂಶವೃತ್ತಾಂತ

ಸಯಾಮ್ ದೇಶದ ಮೊಂಗ್‌ಕುಟ್ ದೊರೆಯ ಅರಮನೆಯಲ್ಲಿ ೧೮೬೨ರಿಂದ ೧೮೬೭ರವರೆಗೆ ರಾಜಕುಮಾರರಿಗೂ ಅಂತಃಪುರದ ಸ್ತ್ರೀಯರಿಗೂ ಇಂಗ್ಲಿಷನ್ನು ಕಲಿಸಿದ ಆನಾ ಲಿಯೊನೋವೆನ್ಸ್ ಎಂಬಾಕೆಯು ತನ್ನ ಮೂಲವನ್ನು ಕುರಿತು ಹೇಳಿಕೊಂಡ ಕಥೆ ಇಷ್ಟು: ಆಕೆ ೧೮೩೪ರಲ್ಲಿ ವೇಲ್ಸಿನ ಕಾರ್ನಾರ್ವನ್ ಊರಿನಲ್ಲಿ ಹುಟ್ಟಿದವಳು, ತಂದೆ ಕ್ರಾಫರ್ಡ್ ಎಂಬ ಕ್ಯಾಪ್ಟನ್, ಪತಿಯು ಸೇನೆಯಲ್ಲಿ ಮೇಜರ್. ೧೯೪೪ರಲ್ಲಿ ಮಾರ್ಗರೆಟ್ ಲ್ಯಾಂಡನ್ ಬರೆದ ಪ್ರಖ್ಯಾತ ಗ್ರಂಥವೂ ಈ ಮಾತನ್ನು ನಂಬಿಯೇ ಹೊರಟಿತು.

ಇದನ್ನು ಒಡೆದು ತೋರಿಸಿದವರು ಸಾಹಿತ್ಯ ಚರಿತ್ರಕಾರರಲ್ಲ; ಜೇಡರಹುಳುಗಳ ಅಭ್ಯಾಸದಲ್ಲಿ ಹೆಸರಾದ ಬ್ರಿಸ್ಟೋ ಎಂಬ ವಿದ್ವಾಂಸರು. ಆನಾಳ ಮಗ ಲೂಯಿಯ ಚರಿತ್ರೆಯನ್ನು ಬರೆಯಹೊರಟ ಅವರಿಗೆ ಆತನ ಜನನದ ದಾಖಲೆಯು ಲಂಡನಿನಲ್ಲಿ ದೊರೆಯಲಿಲ್ಲ. ಸಂಶಯವು ಅಲ್ಲಿಂದ ಬೆಳೆಯಿತು; ಫಲವು ೧೯೭೬ರಲ್ಲಿ ಪ್ರಕಟವಾಯಿತು. ಕಂಪೆನಿಯ ಪಾದ್ರಿಗಳು ಸ್ನಾನದೀಕ್ಷೆ, ವಿವಾಹ, ಶವಸಂಸ್ಕಾರಗಳ ಪ್ರತಿಗಳನ್ನು ಲಂಡನಿಗೆ ಕಳುಹಿಸಬೇಕಾಗಿದ್ದುದರಿಂದ, ಹಿಂದೂಸ್ಥಾನದಲ್ಲಿ ಮರೆಸಿದ್ದು ಅಲ್ಲಿ ಉಳಿದಿತ್ತು. ಅವುಗಳ ಪ್ರಕಾರ ಆಕೆ ಹುಟ್ಟಿದ್ದು ೧೮೩೧ರಲ್ಲಿ, ಅಹಮದ್‌ನಗರದಲ್ಲಿ. ತಂದೆ ಥಾಮಸ್ ಎಡ್ವರ್ಡ್ಸನು ಮೊದಲು ಮರಗೆಲಸದವನು, ಅನಂತರ ಬೊಂಬಾಯಿ ಸೈನ್ಯದಲ್ಲಿ ಸಾರ್ಜೆಂಟ್. ಮಗಳು ಹುಟ್ಟುವ ಮೊದಲೇ ತೀರಿಕೊಂಡನು. ೧೮೪೯ರ ಕ್ರಿಸ್ಮಸ್ ದಿನ ಪುಣೆಯಲ್ಲಿ ಆಕೆಯ ಕೈಹಿಡಿದ ಥಾಮಸ್ ಲಿಯಾನ್ ಓವೆನ್ಸನು ಗುಮಾಸ್ತ, ಮೇಜರಲ್ಲ. ಅವನ ನಡುಹೆಸರೂ ಕುಲನಾಮವೂ ಕೂಡಿ, ನಮ್ಮ ಸಂಧಿಕಾರ್ಯದಂತೆ, ‘ಲಿಯೊನೋವೆನ್ಸ್’ ಆಯಿತು.

ಕನ್ನಡ ಶಾಸನಗಳ ಪರಿಚಯವುಳ್ಳವರಿಗೆ ಇದೇನೂ ಹೊಸತಲ್ಲ. ಹೊಯ್ಸಳರ ಪ್ರಶಸ್ತಿಗಳು ಯದುಕುಲವನ್ನು ಸಾರಿದರೂ ‘ಮಲೆಪರೊಳ್ ಗಂಡ’ ಎಂಬ ಬಿರುದು ಮಲೆನಾಡಿನ ಮೂಲವನ್ನು ಬಿಟ್ಟುಕೊಡುತ್ತದೆ. ಆದರೆ ಅರಸನು ವಂಶವನ್ನು ಕಲ್ಪಿಸಿದರೆ ಪ್ರಶಸ್ತಿ, ವಿಧವೆ ಕಲ್ಪಿಸಿದರೆ ಸುಳ್ಳು ಎನ್ನುವುದು ವಿಮರ್ಶೆಯ ಧರ್ಮವಲ್ಲ. ೧೮೫೯ರಲ್ಲಿ ಪಿನಾಂಗಿನಲ್ಲಿ ಪತಿಯನ್ನು ಕಳೆದುಕೊಂಡು ಮಕ್ಕಳನ್ನು ಸಾಕಬೇಕಾದ ಸಾರ್ಜೆಂಟನ ಮಗಳಿಗೆ, ಅಂದಿನ ಬಿಳಿಯರ ಸಮಾಜದಲ್ಲಿ ಮರ್ಯಾದಸ್ಥರ ಉಪಾಧ್ಯಾಯಿನಿಯೆಂಬ ಸ್ಥಾನವು ಸುಲಭವಾಗಿ ದೊರೆಯುವಂತಿರಲಿಲ್ಲ. ಬೆಲೆಯೂ ಕಡಿಮೆಯಾಗಲಿಲ್ಲ: ಒಡಹುಟ್ಟಿದ ಅಕ್ಕನ ಸಂಬಂಧವನ್ನೇ ಆಕೆ ಕಡಿದುಕೊಂಡಳು. ಆ ಅಕ್ಕನ ಮೊಮ್ಮಗನೇ ಮುಂದೆ ಬೋರಿಸ್ ಕಾರ್ಲಾಫ್ ಎಂಬ ಹೆಸರಿನಿಂದ ಚಲಚ್ಚಿತ್ರ ಲೋಕದಲ್ಲಿ ಪ್ರಸಿದ್ಧನಾದನೆಂಬುದು ವಿಚಿತ್ರವೇ ಸರಿ.

ಜನ್ಮಸ್ಥಳವು ಸುಳ್ಳಾದ ಮಾತ್ರಕ್ಕೆ ೧೮೭೦ರ ಆಕೆಯ ಸಯಾಮ್ ಗ್ರಂಥವೂ ಸುಳ್ಳೆಂದು ಕೆಲವರು ತೀರ್ಮಾನಿಸುವುದುಂಟು. ಇದು ಹೇತ್ವಾಭಾಸ. ಅರಮನೆಯ ನೆಲಮಾಳಿಗೆಯ ಸೆರೆಮನೆಗಳನ್ನು ಆಕೆ ವರ್ಣಿಸಿರುವುದನ್ನು ಸಂಶಯಿಸಲು ಬ್ಯಾಂಕಾಕಿನ ಜೌಗುನೆಲವೇ ಸಾಕು. ಅಹಮದ್‌ನಗರದ ಪುಸ್ತಕ ಬೇಕಿಲ್ಲ. ಒಂದೊಂದು ಪ್ರಸಂಗವನ್ನೂ ಅದಕ್ಕೆ ತಕ್ಕ ಪ್ರಮಾಣದಿಂದಲೇ ಅಳೆಯಬೇಕು.

ಹೆಚ್ಚು ಕಠಿನವಾದುದು ಅಜ್ಜಿಯ ಪ್ರಶ್ನೆ. ತಾಯಿಯ ತಂದೆ ಗ್ಲಾಸ್ಕಾಟ್ ಬೊಂಬಾಯಿ ಸೈನ್ಯದ ಅಧಿಕಾರಿ. ಆತನ ಮಕ್ಕಳ ತಾಯಿಯ ಹೆಸರು ಮಾತ್ರ ದಾಖಲೆಯಲ್ಲಿಲ್ಲ. ಆಕೆ ಭಾರತೀಯಳೋ ಮಿಶ್ರ ಸಂತತಿಯವಳೋ ಆಗಿರಬೇಕೆಂದು ೨೦೦೮ರಲ್ಲಿ ಜೀವನಚರಿತ್ರೆಯನ್ನು ಪ್ರಕಟಿಸಿದ ಸೂಸನ್ ಮಾರ್ಗನ್ನರು ಊಹಿಸಿದ್ದಾರೆ. ಊಹೆ ಯುಕ್ತವೇ, ಆದರೂ ಅದು ಅನುಮಾನ ಪ್ರಮಾಣ, ಪ್ರತ್ಯಕ್ಷವಲ್ಲ. ಮೊಮ್ಮಗಳು ಬಚ್ಚಿಟ್ಟದ್ದನ್ನು ಪಾದ್ರಿಯ ಲೇಖನಿ ಉಳಿಸಿತು. ಅಜ್ಜಿಯನ್ನು ಅದೇ ಲೇಖನಿ ಬರೆಯಲೇ ಇಲ್ಲ.